ಅಲುಗಾಡಿದವನ ಫೋಟೋ

ಫೋಟೋ ತೆಗೆಯುವವರ ಮನೆಯಲ್ಲೇ ಹುಟ್ಟಿ, ಅಲ್ಲೇ ಬೆಳೆದು, ಒಂದೇ ಒಂದು ನೆಟ್ಟಗಿನ ಫೋಟೋ ಇಲ್ಲದೆ ಹೋದ ಪುಣ್ಯಾತ್ಮ ಯಾರಾದರೂ ಇದ್ದರೆ ಅವನು ಅಕ್ಕನ ತಮ್ಮ. ಅಕ್ಕ ಅಂದರೆ ಬೀದಿಗೆಲ್ಲ ಅಕ್ಕ. ಅಪ್ಪನ ಸ್ಟುಡಿಯೋದಲ್ಲಿ ಕಿಟಕಿ ಪಕ್ಕ ಕೂತು ನೆಗೆಟಿವ್‌ಗಳಿಗೆ ಟಚಿಂಗ್ ಮಾಡಿ ಮುಖ ತಿದ್ದುವವಳು. ತಮ್ಮನಿಗೆ ಮನೆಯಲ್ಲಿಟ್ಟ ಹೆಸರು ಒಂದಿತ್ತು, ಅದನ್ನು ಕರೆದವರು ಯಾರೂ ಇಲ್ಲ. ಎಲ್ಲರಿಗೂ ಅವನು ಗಡಿಬಿಡಿ. ಯುದ್ಧದ ಕಾಲದಲ್ಲಿ ನೌಕಾಪಡೆಯ ವಿಮಾನ ಹತ್ತಿ ಹೋಗಿ ಸಮುದ್ರದ ಮೇಲೆಲ್ಲೋ ಕಾಣದಾದ. ಆಮೇಲೆ ಬಂದರಿನ ಸ್ಮಾರಕ ಮಂದಿರದವರು ಗೋಡೆಗೆ ಹಾಕಲು ಅವನದೊಂದು ಫೋಟೋ ಕೊಡಿ ಅಂದರು. ಬಾಯಿ ಮುಚ್ಚಿರಬೇಕು, ಕಣ್ಣು ಬಿಟ್ಟಿರಬೇಕು, ಟೋಪಿ ನೆಟ್ಟಗಿರಬೇಕು. ಕ್ಯಾಮೆರಾ ಮುಂದೆ ಇವುಗಳಲ್ಲಿ ಒಂದನ್ನೂ ಆ ಹುಡುಗ ಜನ್ಮದಲ್ಲಿ ಮಾಡಿದವನಲ್ಲ. ಅವನ ಮುಖವನ್ನು ಅಕ್ಕ ಉಳಿಸಿಕೊಂಡಳೋ ಅಥವಾ ತನ್ನ ಕೈಯಾರೆ ಕಳೆದುಕೊಂಡಳೋ ಅನ್ನುವುದೇ ಇಲ್ಲಿಯ ಕಥೆ. ಆದರೆ ಮೊದಲು ಹುಡುಗನನ್ನು ನೋಡೋಣ. ಸಾವಿನಿಂದ ಶುರು ಮಾಡಿದರೆ ಅವನೇ ಮಧ್ಯದಲ್ಲಿ ಎದ್ದು ಹೋಗಿಬಿಡುತ್ತಾನೆ.

ಮನೆಯ ಮುಂಭಾಗ ಸ್ಟುಡಿಯೋ, ಮೆಟ್ಟಿಲ ಕೆಳಗಿನ ಗೂಡು ಡಾರ್ಕ್ ರೂಮು, ಹಿಂದೆ ಅಡುಗೆಮನೆ, ಅದರ ಮೂಲೆಯಲ್ಲಿ ನೀರಿನ ತೊಟ್ಟಿ. ಅಪ್ಪ ಫೋಟೋ ತೆಗೆಯುವುದು, ಅಕ್ಕ ತಿದ್ದುವುದು, ಅಮ್ಮ ಪ್ರಿಂಟುಗಳನ್ನು ತೊಟ್ಟಿಯಲ್ಲಿ ತೊಳೆದು ಹಗ್ಗಕ್ಕೆ ಕ್ಲಿಪ್ಪು ಹಾಕಿ ಒಣಗಿಸುವುದು. ಬೇರೆಯವರ ಮನೆಯ ಹಗ್ಗದ ಮೇಲೆ ಬಟ್ಟೆ ಒಣಗಿದರೆ ಇವರ ಮನೆಯಲ್ಲಿ ಊರಿನವರ ಮುಖಗಳು ಒಣಗುತ್ತಿದ್ದವು. ಊಟಕ್ಕೆ ಕೂತಾಗ ತಲೆಯ ಮೇಲಿಂದ ಪೋಸ್ಟ್‌ಮಾಸ್ಟರು ತೊಟತೊಟ ಅಂತ ತಟ್ಟೆಗೆ ಸುರಿಯುತ್ತಿದ್ದರು.

"ಇವರನ್ನ ಆ ಕಡೆ ಹಾಕೇ, ಸೋರ್ತಿದ್ದಾರೆ" ಎಂದು ಅಪ್ಪ ಗೊಣಗುತ್ತಿದ್ದರು.

"ಸೋರಲಿ ಬಿಡಿ, ನಾಳೆ ಬಂದು ತಗೊಂಡು ಹೋಗ್ತಾರೆ" ಎಂದು ಅಮ್ಮ ತಟ್ಟೆಯನ್ನೇ ಸ್ವಲ್ಪ ಸರಿಸುತ್ತಿದ್ದಳು.

ಅಪ್ಪನ ಕ್ಯಾಮೆರಾ ಅಂದರೆ ಮೂರು ಕಾಲಿನ ಸ್ಟ್ಯಾಂಡಿನ ಮೇಲೆ ನಿಂತ ಮರದ ಪೆಟ್ಟಿಗೆ. ಅದರ ಹಿಂದೆ ಕಪ್ಪು ಬಟ್ಟೆಯೊಳಗೆ ತಲೆ ತೂರಿಸಿಕೊಂಡು, ಅದುಮಿದರೆ ಫೋಟೋ ಬೀಳುವ ರಬ್ಬರ್ ಬುರುಡೆಯನ್ನು ಕೈಯಲ್ಲಿ ಹಿಡಿದುಕೊಂಡು, ಬಂದವರಿಗೆಲ್ಲ ಅವರು ಹೇಳುತ್ತಿದ್ದದ್ದು ಒಂದೇ ಮಾತು. "ಅಲುಗಾಡಬೇಡಿ. ನಗಬೇಡಿ. ಉಸಿರು ಆಮೇಲೆ ಬಿಟ್ಟರಾಯ್ತು." ಸ್ಟೂಲಿನ ಮೇಲೆ ಕೂತವರು ಹಲ್ಲು ಕೀಳಿಸಿಕೊಳ್ಳಲು ಬಂದವರ ಹಾಗೆ ಬಿಗಿದುಕೊಳ್ಳುತ್ತಿದ್ದರು. ಮದುಮಕ್ಕಳೂ ಅಷ್ಟೇ, ಮುದುಕರೂ ಅಷ್ಟೇ. ನಗುವ ಮುಖ ಮೂರು ದಿನಕ್ಕೆ ಹಳಸುತ್ತದೆ, ಗಂಭೀರ ಮುಖ ಮೊಮ್ಮಕ್ಕಳ ಕಾಲಕ್ಕೂ ನಿಲ್ಲುತ್ತದೆ ಅನ್ನುವುದು ಅಪ್ಪನ ವಾದ. ಯಾರು ಎದುರಾಡುತ್ತಾರೆ, ಊರಿಗೆ ಇದ್ದದ್ದೇ ಒಂದು ಸ್ಟುಡಿಯೋ.

ಅಪ್ಪನ ಮಾತು ಮೀರಿ ಯಾರಾದರೂ ಕಣ್ಣು ಮಿಟುಕಿಸಿದರೆ ಅಕ್ಕನ ಕೆಲಸ ಶುರು. ಗುಳ್ಳೆ ಅಳಿಸುವುದು, ಬೊಕ್ಕತಲೆಗೆ ನಾಲ್ಕು ಕೂದಲು ದಾನ ಮಾಡುವುದು, ಮುಚ್ಚಿದ ರೆಪ್ಪೆಯ ಮೇಲೆ ಕಣ್ಣು ಬರೆಯುವುದು, ಎಲ್ಲಾ ಅವಳಿಗೆ ನೀರು ಕುಡಿದಷ್ಟು ಸಲೀಸು. ಒಮ್ಮೆ ಬೇಕರಿಯವನಿಗೆ ಬರೆದ ಕಣ್ಣು ಒಂದು ಚೂರು ದೊಡ್ಡದಾಗಿ, ಅವನು ಫೋಟೋದಲ್ಲಿ ಕಳ್ಳನನ್ನು ಕಂಡವನ ಹಾಗೆ ಗುರಾಯಿಸುತ್ತಿದ್ದ. ಬೈಸಿಕೊಳ್ಳುವುದಕ್ಕೆ ಅಕ್ಕ ತಯಾರಾಗಿ ಕೂತಿದ್ದರೆ, ಬೇಕರಿಯವನ ಹೆಂಡತಿ ಖುಷಿಯಾಗಿ ಅದಕ್ಕೆ ಕಟ್ಟು ಹಾಕಿಸಿ ಬನ್ನಿನ ಬುಟ್ಟಿಯ ಎದುರಿಗೇ ತೂಗುಹಾಕಿದಳು. ಅವತ್ತಿನಿಂದ ಬನ್ನು ಕಾಣೆಯಾಗುವುದು ನಿಂತಿತಂತೆ.

ಇಂಥ ಮನೆಯಲ್ಲಿ ಗಡಿಬಿಡಿ ಹುಟ್ಟಿದ. ತೊಟ್ಟಿಲಲ್ಲಿ ತೆಗೆದ ಫೋಟೋದಲ್ಲಿ ತೊಟ್ಟಿಲು ಚೆನ್ನಾಗಿ ಬಂದಿದೆ, ಒಳಗೆ ಒಂದಿಷ್ಟು ಹೊಗೆ. ಮನೆಯವರೆಲ್ಲ ಕೂತ ಫೋಟೋದಲ್ಲಿ ಅಪ್ಪ, ಅಮ್ಮ, ಅಕ್ಕ ಕಲ್ಲಿನ ಹಾಗೆ ಕೂತಿದ್ದಾರೆ. ಅಮ್ಮನ ಮಡಿಲಲ್ಲಿ ಒಂದು ಹೊಟ್ಟೆ, ಅದಕ್ಕೆ ನಾಲ್ಕು ಕೈ, ಮೇಲೆ ಮುಖ ಇರಬೇಕಾದ ಕಡೆ ಬೆಳ್ಳಗೆ ಏನೋ ಚೆಲ್ಲಿದ ಹಾಗೆ. ಅದನ್ನು ನೋಡಿದ ಗಿರಾಕಿಯೊಬ್ಬಳು ದೆವ್ವದ ಫೋಟೋ ತೆಗೆಯುತ್ತೀರಂತಲ್ಲ ಎಂದು ಊರೆಲ್ಲ ಸಾರಿಕೊಂಡು ಬಂದಳು. ಅಪ್ಪನಿಗೆ ಸಿಟ್ಟು ಬಂದದ್ದು ದೆವ್ವ ಅಂದದ್ದಕ್ಕಲ್ಲ. "ದೆವ್ವ ಆದ್ರೂ ಇವನಿಗಿಂತ ನೆಟ್ಟಗೆ ಕೂರುತ್ತೆ" ಎಂದು ಅವರು ಆ ಗಿರಾಕಿಗೇ ತಿರುಗಿ ಹೇಳಿದರು.

ಶಾಲೆಯ ಫೋಟೋದ್ದು ಬೇರೆಯೇ ಪ್ರತಾಪ. ಇಡೀ ಶಾಲೆಯನ್ನು ಒಂದೇ ಫೋಟೋದಲ್ಲಿ ಹಿಡಿಯಲು ಅಪ್ಪ ಒಂದು ಸುತ್ತುವ ಕ್ಯಾಮೆರಾ ತರಿಸಿದ್ದರು. ಅದು ಎಡ ತುದಿಯಿಂದ ಬಲ ತುದಿಯವರೆಗೆ ನಿಧಾನಕ್ಕೆ ಕತ್ತು ತಿರುಗಿಸುತ್ತಾ ಹೋಗುತ್ತದೆ. ಅದರ ಗುಟ್ಟು ಬೇರೆ ಯಾವ ಹುಡುಗನಿಗೂ ಗೊತ್ತಿರಲಿಲ್ಲ. ನಮ್ಮವನಿಗೆ ಮಾತ್ರ ಗೊತ್ತಿತ್ತು, ಮನೆಯ ಸೊತ್ತಲ್ಲವೇ. ಎಡ ತುದಿಯಲ್ಲಿ ನಿಂತ, ಕ್ಯಾಮೆರಾ ತನ್ನನ್ನು ದಾಟಿದ್ದೇ ತಡ, ಸಾಲುಗಳ ಹಿಂದೆ ಬಗ್ಗಿಕೊಂಡು ಎದ್ದೆನೋ ಬಿದ್ದೆನೋ ಎಂದು ಓಡಿ ಬಲ ತುದಿಗೆ ಹೋಗಿ ನಿಂತ. ಫೋಟೋ ಬಂತು. ಎಡಗಡೆ ಒಬ್ಬ ಗಡಿಬಿಡಿ, ಬಲಗಡೆ ನಾಲಿಗೆ ಹೊರಗೆ ಹಾಕಿ ಏದುಸಿರು ಬಿಡುತ್ತಿರುವ ಇನ್ನೊಬ್ಬ ಗಡಿಬಿಡಿ. ಹೆಡ್‌ಮಾಸ್ಟರು ಕನ್ನಡಕ ಏರಿಸಿಕೊಂಡು ನೋಡಿ, "ನಿಮ್ಮ ಮಕ್ಕಳು ಅವಳಿ ಅಂತ ನೀವು ನಮಗೆ ತಿಳಿಸಲೇ ಇಲ್ಲವಲ್ಲ" ಅಂದರು. ಅಪ್ಪ ಫೋಟೋ ಹಿಡಿದುಕೊಂಡು ಮನೆಗೆ ಬಂದು ತಲೆ ಮೇಲೆ ಕೈ ಹೊತ್ತು ಕೂತರು.

"ಎರಡು ಕಡೆ ನಿಂತಿದ್ದೀಯ" ಎಂದರು ಕೊನೆಗೆ. "ಎರಡು ಕಡೆನೂ ಅಲುಗಾಡಿದ್ದೀಯಲ್ಲೋ ದರಿದ್ರದವನೇ."

ಅಕ್ಕ ಆ ದಿನ ಹೊಟ್ಟೆ ಹುಣ್ಣಾಗುವಷ್ಟು ನಕ್ಕಿದ್ದಳು. ತಮ್ಮನ ಮೇಲೆ ಅವಳಿಗೆ ವಿಪರೀತ ಪ್ರೀತಿ. ಹೇಳಿಕೊಳ್ಳುತ್ತಿರಲಿಲ್ಲ, ಅಷ್ಟೇ. ದಿನವಿಡೀ ಉಸಿರು ಕಟ್ಟಿದ ಮುಖಗಳನ್ನೇ ತಿದ್ದುತ್ತಾ ಕೂರುವವಳಿಗೆ ಬಾಗಿಲು ದೂಡಿಕೊಂಡು ಬರುವ ಆ ಒಂದು ಮುಖ ಕಂಡರೆ ಜೀವಕ್ಕೆ ಹಾಯೆನಿಸುತ್ತಿತ್ತು. ಅವನು ನಕ್ಕರೆ ಕಣ್ಣು ಎರಡೂ ಕಾಣೆಯಾಗುತ್ತಿದ್ದವು, ಮುಖದಲ್ಲಿ ಹಲ್ಲು ಮತ್ತು ಮೂಗು ಮಾತ್ರ ಉಳಿಯುತ್ತಿದ್ದವು.

ದೊಡ್ಡವನಾದ ಮೇಲೆ ಅಪ್ಪ ಅವನನ್ನು ಸ್ಟುಡಿಯೋದಲ್ಲೇ ಕೆಲಸಕ್ಕೆ ಹಾಕಿಕೊಂಡರು. ಮಾಡಿದ್ದು ದೊಡ್ಡ ತಪ್ಪು. ಒಂದು ದಿನ ಅಪ್ಪ ಡಾರ್ಕ್ ರೂಮಿನಲ್ಲಿ ಒಂದು ಮದುವೆಯ ಫೋಟೋದ ಗಾಜಿನ ಪ್ಲೇಟುಗಳನ್ನೆಲ್ಲ ತಟ್ಟೆಯಲ್ಲಿ ಅದ್ದಿಕೊಂಡು ನಿಂತಿದ್ದಾರೆ. ಗಡಿಬಿಡಿ ಬಾಗಿಲನ್ನು ದಬಾರನೆ ತೆಗೆದು, "ಅಪ್ಪಾ, ಮದುವೆಯವರು ಬಂದಿದ್ದಾರೆ, ಫೋಟೋ ಆಯ್ತಾ ಅಂತ ಕೇಳ್ತಿದ್ದಾರೆ" ಅಂದ.

"ಆಯ್ತು" ಅಂದರು ಅಪ್ಪ, ಬೆಳಕಿಗೆ ಕರ್ರಗಾಗುತ್ತಿದ್ದ ಪ್ಲೇಟುಗಳನ್ನು ನೋಡುತ್ತಾ. "ಈಗ ತಾನೇ ಎಲ್ಲಾ ಆಗೋಯ್ತು."

ಗಂಡು ಹೆಣ್ಣು ಇಬ್ಬರಿಗೂ ಮತ್ತೆ ಮದುವೆಯ ಬಟ್ಟೆ ಹಾಕಿಸಿ ಸ್ಟೂಲಿನ ಮೇಲೆ ಕೂರಿಸಬೇಕಾಯಿತು. ಅಷ್ಟರಲ್ಲಿ ಅವರಿಬ್ಬರಿಗೂ ಮಾತು ನಿಂತಿತ್ತು. ಒಬ್ಬರು ಕಿಟಕಿ ನೋಡುತ್ತಾರೆ, ಇನ್ನೊಬ್ಬರು ಗೋಡೆ ನೋಡುತ್ತಾರೆ. ಇಷ್ಟು ಅಲುಗಾಡದ ಮದುಮಕ್ಕಳನ್ನು ತಾನು ಕಂಡೇ ಇಲ್ಲ ಎಂದು ಅಪ್ಪನಿಗೆ ಮಾತ್ರ ಬಹಳ ಸಮಾಧಾನ.

ಯುದ್ಧ ಶುರುವಾದಾಗ ನೌಕಾಪಡೆಯವರು ಬಂದರಿನ ಚೌಕದಲ್ಲಿ ಮೇಜು ಹಾಕಿಕೊಂಡು ಹುಡುಗರನ್ನು ಸೇರಿಸಿಕೊಳ್ಳುತ್ತಿದ್ದರು. ಗಡಿಬಿಡಿ ಹೋಗಿದ್ದು ಯಾರದೋ ಫೋಟೋ ತಲುಪಿಸಲು. ಸಾಲು ಕಂಡಿತು, ಸಾಲಿನಲ್ಲಿ ನಿಂತ. ಅವನು ಜೀವನದಲ್ಲಿ ಸುಮ್ಮನೆ ನಿಂತದ್ದು ಅದೊಂದೇ ಸಲ, ಅದರಿಂದ ಆದದ್ದು ಇಷ್ಟು. ಮೇಜಿನ ಹಿಂದಿದ್ದ ಅಧಿಕಾರಿ ಕೇಳಿದರು, "ಕ್ಯಾಮೆರಾ ಕೆಲಸ ಗೊತ್ತಾ?"

"ಹುಟ್ಟಿದಾಗಿನಿಂದ ಕ್ಯಾಮೆರಾ ಜೊತೆನೇ ಇದ್ದೀನಿ ಸಾರ್" ಅಂದ ಇವನು. ಸುಳ್ಳೇನಲ್ಲ. ಹಡಗಿನ ಮೇಲಿಂದ ಹಾರುವ ವಿಮಾನದಲ್ಲಿ ಹಿಂದಿನ ಸೀಟಿನಲ್ಲಿ ಕೂತು, ಕೆಳಗಿನ ಶತ್ರು ಹಡಗುಗಳ ಫೋಟೋ ತೆಗೆಯುವವರು ಅವರಿಗೆ ಬೇಕಾಗಿದ್ದರು. ಹೆಸರು ಬರೆದುಕೊಂಡೇ ಬಿಟ್ಟರು.

ಮನೆಗೆ ಬಂದು ಹೇಳಿದಾಗ ಅಪ್ಪ ಚಪ್ಪಲಿ ಮೆಟ್ಟಿಕೊಂಡರು. "ನಾನು ಹೋಗಿ ಅವರಿಗೆ ನಿಜ ಹೇಳಿ ಬರ್ತೀನಿ. ಇಲ್ಲಾಂದ್ರೆ ಯುದ್ಧ ಸೋತು ಹೋಗ್ತೀವಿ."

ಅಮ್ಮ ತೊಟ್ಟಿಯಿಂದ ತಲೆ ಎತ್ತಲಿಲ್ಲ. "ಆ ವಿಮಾನದಲ್ಲಿ ಬೆಲ್ಟು ಕಟ್ಟಿ ಕೂರಿಸ್ತಾರಾ?" ಎಂದು ಕೇಳಿದಳು.

"ಕಟ್ತಾರಮ್ಮ, ಅಲ್ಲಾಡೋಕೂ ಆಗಲ್ವಂತೆ."

"ಹೋಗ್ಲಿ ಬಿಡು, ಒಂದು ಕಡೆ ಕೂತಾದ್ರೂ ಕೂರ್ತೀಯ" ಅಂದಳು ಅಮ್ಮ. ಅಷ್ಟು ಹೇಳಿ ಒಂದೇ ಪ್ರಿಂಟನ್ನು ತುಂಬಾ ಹೊತ್ತು ತೊಳೆದಳು.

ತರಬೇತಿ ಮುಗಿಸಿ, ಹಡಗಿನಲ್ಲಿ ಒಂದಷ್ಟು ಕಾಲ ಇದ್ದು, ಅವನು ರಜೆಗೆ ಬಂದಾಗ ಬೀದಿಯ ಜನವೆಲ್ಲ ಸ್ಟುಡಿಯೋದಲ್ಲಿ ತುಂಬಿಕೊಂಡರು. ಯುದ್ಧದ ಕಥೆ ಕೇಳಲು ಬಂದವರಿಗೆ ಅವನು ಹೇಳಿದ್ದು ವಾಂತಿ ಬಕೆಟ್ಟಿನ ಕಥೆ. ಹಡಗು ಹತ್ತಿದ ದಿನದಿಂದ ಅವನಿಗೆ ವಾಂತಿಯೋ ವಾಂತಿ. ಇಡೀ ನೌಕಾಪಡೆಯಲ್ಲಿ ಸಮುದ್ರ ಕಂಡರಾಗದ ಏಕೈಕ ವ್ಯಕ್ತಿ ಅವನೇ ಇರಬೇಕು. ವಿಮಾನ ಮೇಲೆ ಹಾರಿದರೆ ಮಾತ್ರ ಹೊಟ್ಟೆ ಸರಿಹೋಗುತ್ತಿತ್ತು. ಅದಕ್ಕೇ ಯಾರು ಹಾರಲು ತಯಾರು ಎಂದು ಕೇಳಿದಾಗಲೆಲ್ಲ ಇವನ ಕೈ ಮೊದಲು ಏಳುತ್ತಿತ್ತು. ಎಂಥ ಧೈರ್ಯವಂತ ಎಂದು ಹಡಗೆಲ್ಲ ಕೊಂಡಾಡುತ್ತಿತ್ತಂತೆ.

"ಧೈರ್ಯ ಏನು ಬಂತು, ಹೊಟ್ಟೆ ತೊಳಸೋದು ನಿಲ್ಲುತ್ತಲ್ಲ" ಅಂದ ಅವನು.

ಮೊದಲ ಸಲ ಫೋಟೋ ತೆಗೆದು ತಂದಾಗ ಕಮಾಂಡರ್ ಸಾಹೇಬರು ದೊಡ್ಡ ಮೇಜಿನ ಮೇಲೆ ಹರಡಿಸಿದರಂತೆ. ಒಂದರಲ್ಲಿ ಮೋಡ. ಇನ್ನೊಂದರಲ್ಲಿ ಇವನ ಬೂಟು. ಮೂರನೆಯದರಲ್ಲಿ ಮುಂದಿನ ಸೀಟಿನಲ್ಲಿ ಕೂತ ಪೈಲಟ್ಟಿನ ಕತ್ತು. ಆ ಪೈಲಟ್ಟು ಇವನಿಗಿಂತ ಸ್ವಲ್ಪವೇ ದೊಡ್ಡವನು, ಸದಾ ಗೊಣಗುತ್ತಿದ್ದ ಕಾರಣ ಎಲ್ಲರೂ ತಾತ ಅನ್ನುತ್ತಿದ್ದರು. ಕೊನೆಯದರಲ್ಲಿ ಇವನ ಹೆಬ್ಬೆರಳು.

"ಶತ್ರು ಹಡಗು ಎಲ್ಲಯ್ಯಾ?" ಎಂದು ಸಾಹೇಬರು ಕೇಳಿದರು.

"ಈ ಬೆರಳಿನ ಹಿಂದೆನೇ ಇದೆ ಸಾರ್" ಎಂದು ಇವನು ತೋರಿಸಿದ.

ಸ್ಟುಡಿಯೋ ತುಂಬ ಜನ ಬಿದ್ದು ಬಿದ್ದು ನಕ್ಕರು. ಅಪ್ಪ ಮಾತ್ರ ಮುಖ ಗಂಟು ಹಾಕಿಕೊಂಡು, ಬೆರಳು ಎಲ್ಲಿ ಇಡಬೇಕು ಅಂತ ನಾನು ಎಷ್ಟು ಸಲ ಬಡಕೊಂಡಿಲ್ಲ ಎಂದು ರಾತ್ರಿ ಊಟದವರೆಗೂ ವಟಗುಟ್ಟಿದರು.

ಎಲ್ಲರೂ ಹೋದ ಮೇಲೆ ಅವನು ಅಕ್ಕನ ಟಚಿಂಗ್ ಮೇಜಿನ ತುದಿಗೆ ಹತ್ತಿ ಕೂತ. ಕಾಲಾಡಿಸುತ್ತಾ ಅವಳ ಪೆನ್ಸಿಲ್ಲುಗಳನ್ನೆಲ್ಲ ಉರುಳಿಸಿದ. "ಈಗ ಚೆನ್ನಾಗಿ ತೆಗೀತೀನಿ ಅಕ್ಕಾ, ನಿಜವಾಗ್ಲೂ. ಮೇಲೆ ಹೋದ್ರೆ ಎಲ್ಲಾನೂ ಗಡಗಡ ಅಂತಿರುತ್ತೆ. ನಾನು ಬೇರೆ ಯಾಕೆ ಅಲುಗಾಡ್ಲಿ ಅಂತ ಸುಮ್ನೆ ಕೂರ್ತೀನಿ."

"ಹೆದರಿಕೆ ಆಗಲ್ವೇನೋ?"

"ಆಗುತ್ತೆ. ಆಗ ತಾತನ ಕತ್ತು ನೋಡ್ತೀನಿ. ಅದರ ಮೇಲೆ ಒಂದು ಮಚ್ಚೆ ಇದೆ, ಥೇಟ್ ಅಪ್ಪನ ಮೂಗಿನ ಆಕಾರ. ನಗು ಬರುತ್ತೆ, ಹೆದರಿಕೆ ಮರೆತುಹೋಗುತ್ತೆ" ಅಂದ. ಅಕ್ಕ ಉರುಳಿದ ಪೆನ್ಸಿಲ್ಲುಗಳನ್ನು ಹೆಕ್ಕುವ ನೆಪದಲ್ಲಿ ಮೇಜಿನ ಕೆಳಗೆ ಬಗ್ಗಿದವಳು ಸ್ವಲ್ಪ ಹೊತ್ತು ಮೇಲೇಳಲಿಲ್ಲ.

ಅವನು ಹೊರಡುವ ದಿನ ಅಪ್ಪ ಹಟ ಹಿಡಿದರು. ಯೂನಿಫಾರ್ಮಿನಲ್ಲಿ ಒಂದು ಫೋಟೋ ಆಗಲೇಬೇಕು, ಗಂಭೀರವಾದದ್ದು. ಯುದ್ಧಕಾಲದಲ್ಲಿ ಪ್ಲೇಟುಗಳಿಗೆ ಬರ, ತಲೆಗೆ ಒಂದೇ ಅಂತ ಲೆಕ್ಕ, ಮಗನಾದರೂ ಅಷ್ಟೇ. ಟೋಪಿ ನೆಟ್ಟಗೆ ಮಾಡಿ, ಗಲ್ಲ ಎತ್ತಿ, ಭುಜ ಒತ್ತಿ ಅವನನ್ನು ಸ್ಟೂಲಿನ ಮೇಲೆ ಕೂರಿಸಿದರು. ಅವನೂ ಪಾಪ, ಅಪ್ಪನಿಗೋಸ್ಕರ ಉಸಿರು ಬಿಗಿಹಿಡಿದು, ಕೆನ್ನೆ ಒಳಗೆಳೆದುಕೊಂಡು, ಕಲ್ಲಾಗಿ ಕೂತ. ಅಪ್ಪ ಕಪ್ಪು ಬಟ್ಟೆಯೊಳಗೆ ತಲೆ ಹಾಕಿದರು. "ಅಲುಗಾಡಬೇಡ" ಅನ್ನುತ್ತಾ ಒಂದು ಹೆಜ್ಜೆ ಹಿಂದೆ ಇಟ್ಟರು. ಅಲ್ಲಿ ಪ್ಲೇಟು ಅದ್ದುವ ಹೈಪೋ ನೀರಿನ ಬಕೆಟ್ಟು ಇತ್ತು. ಕಾಲು ಮೊಣಕಾಲಿನವರೆಗೂ ಒಳಗೆ. ಬಕೆಟ್ಟಿನ ಸಮೇತ ಠಣ್ ಠಣ್ ಅಂತ ನಡೆಯುತ್ತಾ, ತಲೆಯನ್ನು ಮಾತ್ರ ಬಟ್ಟೆಯಿಂದ ಹೊರಗೆ ತೆಗೆಯದೆ, "ನಗಬೇಡ, ನಗಬೇಡ" ಅಂತಲೇ ಅಪ್ಪ ಬುರುಡೆ ಅದುಮಿದರು.

ಫೋಟೋ ಹೇಗೆ ಬಂದಿರಬೇಕು ನೀವೇ ಯೋಚಿಸಿ. ತಲೆ ಹಿಂದಕ್ಕೆ ಹೋಗಿದೆ, ಕಣ್ಣು ಮಾಯ, ಬಾಯಿ ಕಿವಿಯವರೆಗೆ, ಟೋಪಿ ತಲೆ ಬಿಟ್ಟು ಗಾಳಿಯಲ್ಲಿದೆ, ಒಂದು ಕೈ ಎರಡಾಗಿದೆ. ಎಲ್ಲದರ ಮೇಲೆ ಒಂದು ಪದರ ಮಂಜು. ಅಪ್ಪ ಪ್ಲೇಟು ನೋಡಿ, "ಮುಂದಿನ ರಜೆಗೆ ಬರ್ತೀಯಲ್ಲ, ಆಗ ಹಗ್ಗ ಹಾಕಿ ಕಟ್ಟಿ ತೆಗೀತೀನಿ" ಎಂದರು. ಅವನು ಇನ್ನೂ ನಗುತ್ತಲೇ ಚೀಲ ಹೆಗಲಿಗೆ ಹಾಕಿಕೊಂಡು ಹೋದ. ಮುಂದಿನ ರಜೆ ಬರಲಿಲ್ಲ.

ಅದರ ಬದಲು ಒಂದು ಮಧ್ಯಾಹ್ನ ನೌಕಾಪಡೆಯ ಇಬ್ಬರು ಅಧಿಕಾರಿಗಳು ಬಂದರು. ಒಬ್ಬರು ವಯಸ್ಸಾದವರು, ಇನ್ನೊಬ್ಬ ಎಳೆಯವನು. ಬಾಗಿಲಲ್ಲಿ ಟೋಪಿ ತೆಗೆದು ಕಂಕುಳಲ್ಲಿ ಇಟ್ಟುಕೊಂಡು, ಬಿಗಿದ ಮುಖದಲ್ಲಿ ನಿಂತರು. ಅಪ್ಪನ ಮುಖ ಅರಳಿತು. ಮಗನ ಇಲಾಖೆಯವರು, ಅದೂ ಇಷ್ಟು ಗಂಭೀರವಾದವರು, ತಾವಾಗಿಯೇ ಫೋಟೋ ತೆಗೆಸಿಕೊಳ್ಳಲು ಬಂದಿದ್ದಾರೆ ಎಂದು ಅವರಿಗೆ ಅನ್ನಿಸಿಬಿಟ್ಟಿತು.

"ಬನ್ನಿ ಬನ್ನಿ, ಕೂತ್ಕೊಳ್ಳಿ" ಎಂದು ಕೈ ಹಿಡಿದೇ ಕರೆತಂದರು.

"ಯಜಮಾನರೇ, ನಾವು ಒಂದು ವಿಷಯ..." ಎಂದು ಹಿರಿಯರು ಶುರು ಮಾಡಿದರು.

"ವಿಷಯ ಆಮೇಲೆ ಸಾರ್, ಮೊದಲು ಬೆಳಕು ಹೋಗೋಕೆ ಮುಂಚೆ ಇದು ಮುಗೀಲಿ. ನಮ್ಮ ಹುಡುಗನೂ ನಿಮ್ಮಲ್ಲೇ ಇದ್ದಾನೆ, ನಿಮಗೆ ಗೊತ್ತಿರುತ್ತೆ. ಅವನ ಹಾಗೆ ಮಾತ್ರ ಕೂರಬೇಡಿ." ಹಿರಿಯರನ್ನು ಸ್ಟೂಲಿನ ಮೇಲೆ ಒತ್ತಿ ಕೂರಿಸಿದರು, ಎಳೆಯವನನ್ನು ಹಿಂದೆ ನಿಲ್ಲಿಸಿದರು. ಎಳೆಯವನ ತುಟಿ ನಡುಗುತ್ತಿತ್ತು. "ತುಟಿ ಬಿಗಿ ಹಿಡಿಯಪ್ಪಾ" ಎಂದು ಅಪ್ಪ ಪ್ರೀತಿಯಿಂದ ಗದರಿದರು. ಕಿಟಕಿ ಪಕ್ಕದಲ್ಲಿದ್ದ ಅಕ್ಕನಿಗೆ ಆ ಇಬ್ಬರ ಮುಖ ನೋಡಿದ ಕೂಡಲೇ ಗೊತ್ತಾಗಿ ಹೋಯಿತು. ಮುಖ ಓದುವುದೇ ಅವಳ ಕಸುಬು. ಪೆನ್ಸಿಲ್ಲು ಕೆಳಗಿಟ್ಟು ಎದ್ದು ನಿಂತಳು. ಅಪ್ಪ ಬಟ್ಟೆಯೊಳಗೆ ಹೋದರು, ಬುರುಡೆ ಅದುಮಿದರು, ಹೊರಗೆ ಬಂದರು.

"ಸೊಗಸಾಗಿ ಬರುತ್ತೆ. ಇನ್ನು ಉಸಿರು ಬಿಡಿ. ಈಗ ಹೇಳಿ ಸಾರ್, ಏನು ವಿಷಯ?"

ಹಿರಿಯರು ಹೇಳಿದರು. ವಿಮಾನ ಬೆಳಿಗ್ಗೆ ಹೋಗಿದ್ದು, ಮೋಡ ಕವಿದಿತ್ತು, ತಿರುಗಿ ಬರಲಿಲ್ಲ. ಹಡಗುಗಳು ಹುಡುಕಿದವು, ಒಂದು ಚೂರೂ ಸಿಗಲಿಲ್ಲ. ಪೈಲಟ್ಟೂ ಇಲ್ಲ, ಇವನೂ ಇಲ್ಲ.

"ಕ್ಯಾಮೆರಾ?" ಎಂದರು ಅಪ್ಪ. ಆ ಮಾತು ಯಾಕೆ ಬಂತೆಂದು ಅವರಿಗೇ ಗೊತ್ತಿರಲಿಲ್ಲ. ಕೇಳಿದ ಮರುಕ್ಷಣ ಕಪ್ಪು ಬಟ್ಟೆಯನ್ನು ತಲೆಯ ಮೇಲೆ ಎಳೆದುಕೊಂಡು ಅದರೊಳಗೇ ನಿಂತುಬಿಟ್ಟರು.

ಅಮ್ಮ ಒಳಗಿಂದ ಬಂದಳು, ಕೇಳಿಸಿಕೊಂಡಳು. ಬಂದವರಿಗೆ ಚಹಾ ಕೊಟ್ಟಳು. ಆಮೇಲೆ ತೊಟ್ಟಿಯ ಹತ್ತಿರ ಹೋಗಿ ಉಳಿದ ಪ್ರಿಂಟುಗಳನ್ನು ತೊಳೆಯಲು ಕೂತಳು. ಅಳಲಿಲ್ಲ. ಅವತ್ತೂ ಇಲ್ಲ, ಆಮೇಲೂ ಇಲ್ಲ. ಮಗನ ವಿಷಯ ಒಂದು ಮಾತೂ ಆಡುತ್ತಿರಲಿಲ್ಲ. ಅಕ್ಕ ಮರೆಯಲ್ಲಿ ಅತ್ತಳು, ಅಪ್ಪ ಡಾರ್ಕ್ ರೂಮಿನಲ್ಲಿ ಅತ್ತರು, ಅಮ್ಮ ಮಾತ್ರ ಊರಿನವರ ಮುಖ ತೊಳೆಯುತ್ತಲೇ ಇದ್ದಳು.

ಯುದ್ಧ ಮುಗಿದ ಮೇಲೆ ಸ್ಮಾರಕ ಮಂದಿರದ ಗುಮಾಸ್ತರಿಂದ ಹೇಳಿಕೆ ಬಂತು. ಸಮುದ್ರದಲ್ಲಿ ಹೋದ ಊರಿನ ಹುಡುಗರೆಲ್ಲರ ಫೋಟೋ ಗೋಡೆಗೆ ಹಾಕುತ್ತಾರೆ. ಹೆಚ್ಚಿನವು ಅಪ್ಪನೇ ತೆಗೆದವು, ಒಂದಕ್ಕಿಂತ ಒಂದು ಗಂಭೀರ. ಸ್ವಂತ ಮಗನದೇ ಇಲ್ಲ. ಅಪ್ಪ ಆ ಬಕೆಟ್ಟಿನ ದಿನದ ನೆಗೆಟಿವ್ ತಂದು ಅಕ್ಕನ ಮೇಜಿನ ಮೇಲೆ ಇಟ್ಟರು.

"ಬಾಯಿ ಮುಚ್ಚಿಸಮ್ಮಾ. ಕಣ್ಣು ತೆರೆಸು. ನಿನಗೆ ಬರುತ್ತಲ್ಲ."

"ಅಪ್ಪಾ, ಹಾಗೆ ಮಾಡಿದ್ರೆ ಅವನು ಅವನಾಗಿ ಇರಲ್ಲ."

"ಊರಿನ ಮಕ್ಕಳನ್ನೆಲ್ಲ ಗೋಡೆಗೆ ಹಾಕಿದವನು ನಾನು" ಎಂದರು ಅಪ್ಪ. ಅವರ ದನಿ ಯಾವತ್ತೂ ಅಷ್ಟು ಸಣ್ಣಗೆ ಇರಲಿಲ್ಲ. "ನನ್ನವನೊಬ್ಬನ ಜಾಗ ಖಾಲಿ ಇರಬೇಕಾ?"

ಅಕ್ಕ ಒಂದು ನಕಲು ನೆಗೆಟಿವ್ ಮಾಡಿಕೊಂಡು ಕೂತಳು. ನೆಗೆಟಿವ್‌ನಲ್ಲಿ ಎಲ್ಲ ಉಲ್ಟಾ, ಹಲ್ಲೆಲ್ಲ ಕರ್ರಗೆ. ಚಾಕುವಿನ ಮೊನೆಯಿಂದ ಒಂದೊಂದೇ ಹಲ್ಲು ಕೆರೆದು ತೆಗೆದಳು, ತುಟಿ ಜೋಡಿಸಿದಳು. ಕಣ್ಣಿಗೆ ಮಾದರಿ ಬೇಕಲ್ಲ, ಕನ್ನಡಿ ಇಟ್ಟುಕೊಂಡು ತನ್ನದೇ ಕಣ್ಣು ನೋಡಿ ಬರೆದಳು. ಟೋಪಿಯನ್ನು ಗಾಳಿಯಿಂದ ಇಳಿಸಿ ತಲೆಗೆ ಕೂರಿಸಿದಳು. ಎರಡಾಗಿದ್ದ ಕೈಯನ್ನು ಒಂದು ಮಾಡಿದಳು. ಸಮುದ್ರ ಒಂದು ಸಲ ಕರಕೊಂಡಿತು, ಈಗ ನಾನು ಇನ್ನೊಂದು ಸಲ ಅಳಿಸುತ್ತಿದ್ದೀನಲ್ಲ ಎಂದುಕೊಂಡಳು. ಕೈ ಮಾತ್ರ ತನ್ನ ಪಾಡಿಗೆ ಕೆಲಸ ಮಾಡುತ್ತಲೇ ಇತ್ತು, ಹಾಳು ಕಸುಬಿನ ಕೈ. ಅವಳು ಜನ್ಮದಲ್ಲಿ ಮಾಡಿದ ಟಚಿಂಗ್‌ನಲ್ಲೆಲ್ಲ ಅದೇ ಅಚ್ಚುಕಟ್ಟಾದದ್ದು. ಗಂಭೀರವಾದ, ಲಕ್ಷಣವಾದ ಒಬ್ಬ ಯುವಕ ಸಿದ್ಧವಾದ.

ಅಪ್ಪ ಪ್ರಿಂಟು ಹಾಕಿ, ಮಾಮೂಲಿನಂತೆ ಬೇರೆ ಪ್ರಿಂಟುಗಳ ಜೊತೆ ತೊಟ್ಟಿಗೆ ಬಿಟ್ಟರು. ಅಪ್ಪ, ಅಕ್ಕ ಇಬ್ಬರೂ ಅಡುಗೆಮನೆಯ ಬಾಗಿಲಲ್ಲಿ ನಿಂತರು. ಅಮ್ಮ ಒಂದೊಂದನ್ನೇ ನೀರಿನಿಂದ ಎತ್ತಿ ಕ್ಲಿಪ್ಪು ಹಾಕುತ್ತಾ ಬಂದಳು. ಇವನ ಸರದಿ ಬಂತು. ಅಮ್ಮ ಅದನ್ನು ಬೆಳಕಿಗೆ ಹಿಡಿದಳು.

"ಯಾರ ಮಗ ಇವನು?" ಎಂದಳು. "ಲಕ್ಷಣವಾಗಿದ್ದಾನೆ. ಇವನೂ ಸಮುದ್ರಕ್ಕೆ ಹೋದವನಾ? ಅಯ್ಯೋ ಪಾಪ, ಹೆತ್ತವಳು ಹೇಗೆ ತಡಕೊಂಡಿದ್ದಾಳೋ."

ಕ್ಲಿಪ್ಪು ಹಾಕಿ ಮುಂದಿನ ಪ್ರಿಂಟಿಗೆ ಕೈ ಚಾಚಿದಳು. ಅಪ್ಪ ಹೋಗಿ ಆ ಪ್ರಿಂಟನ್ನು ಹಗ್ಗದಿಂದ ಇಳಿಸಿದರು, ಒದ್ದೆಯಿದ್ದ ಹಾಗೇ ಮಡಿಚಿ ಒಲೆಗೆ ಹಾಕಿದರು. ಆಮೇಲೆ ಡಾರ್ಕ್ ರೂಮಿಗೆ ಹೋಗಿ ಹಳೆಯ ನೆಗೆಟಿವ್‌ನಿಂದ, ಮಂಜು, ಹಲ್ಲು, ಹಾರುವ ಟೋಪಿ ಎಲ್ಲವೂ ಇದ್ದ ಹಾಗೇ, ದೊಡ್ಡದೊಂದು ಪ್ರಿಂಟು ಹಾಕಿಕೊಂಡು ಬಂದರು. ಇದನ್ನು ಅಮ್ಮನ ಕೈಗೆ ಕೊಡುವ ಧೈರ್ಯವಾಗದೆ ತಾವೇ ತೊಳೆದರು.

ಮಂದಿರದ ಗುಮಾಸ್ತರು ಅದನ್ನು ಮೂಗಿನ ಹತ್ತಿರ ಹಿಡಿದು, ದೂರ ಹಿಡಿದು, ತಲೆಕೆಳಗೆ ಹಿಡಿದು ನೋಡಿದರು. "ಏನ್ರೀ ಇದು? ಗೌರವದ ಗೋಡೆ ಕಣ್ರೀ ಇದು. ಎಲ್ಲರೂ ಎಷ್ಟು ಶಿಸ್ತಾಗಿದ್ದಾರೆ, ಇವನು ಹಲ್ಲು ಕಿರೀತಿದ್ದಾನೆ. ಫೋಟೋನೇ ಕೆಟ್ಟುಹೋಗಿದೆ."

"ಕೆಟ್ಟಿದೆ, ಒಪ್ತೀನಿ. ತೆಗೆದವನು ನಾನೇ" ಎಂದರು ಅಪ್ಪ. "ಫೋಟೋ ಕೆಟ್ಟಿದೆ. ಹುಡುಗ ಸರಿಯಾಗಿ ಬಂದಿದ್ದಾನೆ."

"ಟೋಪಿ ಎಲ್ಲಿದೆ?"

"ಮೇಲೆ ಇದೆ ನೋಡಿ, ಹಾರ್ತಿದೆ. ವಿಮಾನದವನಲ್ವಾ" ಅಂದಳು ಅಕ್ಕ.

ಹುಡುಗ ಯಾಕೆ ಹೀಗೆ ನಗುತ್ತಿದ್ದಾನೆಂದು ಗುಮಾಸ್ತರು ಕೇಳಿದರು. ಅಪ್ಪ ಬಕೆಟ್ಟಿನ ಕಥೆ ಹೇಳಿದರು, ಒಂದು ಕಾಲಲ್ಲಿ ಠಣ್ ಠಣ್ ಅಂತ ನಡೆದೂ ತೋರಿಸಿದರು. ಗುಮಾಸ್ತರು ಮುಖವನ್ನು ಕಪಾಟಿನ ಕಡೆ ತಿರುಗಿಸಿಕೊಂಡು ಬಹಳ ಹೊತ್ತು ಏನನ್ನೋ ಹುಡುಕುವವರ ಹಾಗೆ ನಿಂತರು, ಭುಜ ಮಾತ್ರ ಕುಣಿಯುತ್ತಿತ್ತು. ಕೊನೆಗೆ ಬಾಗಿಲ ಪಕ್ಕದ ಮೂಲೆಯಲ್ಲಿ, ಯಾರ ಕಣ್ಣಿಗೂ ಬೀಳದ ಹಾಗೆ ಹಾಕುತ್ತೇನೆ ಎಂದರು. ಬಾಗಿಲ ಪಕ್ಕ ಅಂದ ಮೇಲೆ ಒಳಗೆ ಬರುವವರ, ಹೊರಗೆ ಹೋಗುವವರ ಕಣ್ಣಿಗೆಲ್ಲ ಮೊದಲು ಬಿದ್ದದ್ದು ಅದೇ. ಗುಮಾಸ್ತರಿಗೆ ಅಷ್ಟು ಹೊಳೆದಿರಲಿಲ್ಲ.

ಗೋಡೆಯನ್ನು ಜನರಿಗೆ ತೆರೆದ ಕೆಲವು ದಿನಕ್ಕೆ ಸ್ಟುಡಿಯೋಗೆ ಒಬ್ಬಾಕೆ ಬಂದಳು. ಬಂದರಿನ ಹತ್ತಿರ ಹಗ್ಗದ ಅಂಗಡಿ ಇಟ್ಟುಕೊಂಡವಳು. ಕಂಕುಳಲ್ಲಿ ಕಟ್ಟು ಹಾಕಿಸಿದ ಫೋಟೋ. ಅವಳ ಮಗನೂ ಹಡಗಿನ ಜೊತೆ ಮುಳುಗಿದವನು, ಗೋಡೆಯ ಮೇಲೆ ಗಡಿಬಿಡಿಯ ಪಕ್ಕದಲ್ಲೇ ಇದ್ದಾನೆ. ಫೋಟೋ ತೆಗೆದವರು ಅಪ್ಪ, ಟಚಿಂಗ್ ಅಕ್ಕನದು.

"ನಿಮ್ಮ ಹುಡುಗನ್ನ ನೋಡ್ದೆ" ಎಂದಳು ಅವಳು. "ನಮ್ಮವನೂ ಮಹಾ ನಗೋನು. ಅವತ್ತು ಇಲ್ಲಿ ಕೂತಾಗ ನಿಮ್ಮಪ್ಪ ನಗಬೇಡ ಅಂದ್ರು, ದೊಡ್ಡೋರ ಮಾತು ಅಂತ ಸುಮ್ನಾದ. ಮನೇಲಿ ಇದನ್ನ ನೋಡಿದಾಗೆಲ್ಲ ನನ್ನ ಮೇಲೆ ಕೋಪ ಮಾಡ್ಕೊಂಡಿದ್ದಾನೆ ಅನ್ಸುತ್ತೆ. ನಗೋ ಹಾಗೆ ಬರ್ಕೊಡ್ತೀರಾ ಅಕ್ಕಾ?"

ಅಪ್ಪ ತಲೆ ತಗ್ಗಿಸಿಕೊಂಡು ಕ್ಯಾಮೆರಾ ಒರೆಸಲು ಶುರು ಮಾಡಿದರು. ಅಕ್ಕ ಫೋಟೋ ತೆಗೆದುಕೊಂಡಳು, ಬ್ರಷ್ಷು ಕೈಗೆತ್ತಿಕೊಂಡಳು, ಹಾಗೇ ಕೂತಳು. ಎಷ್ಟೋ ಬಾಯಿ ಮುಚ್ಚಿಸಿದವಳಿಗೆ ಒಂದು ಬಾಯಿ ತೆರೆಸಲು ಎಲ್ಲಿಂದ ಶುರು ಮಾಡಬೇಕೆಂದು ತಿಳಿಯಲಿಲ್ಲ. "ಅವನು ನಕ್ಕಿದ್ದು ನಾನು ನೋಡೇ ಇಲ್ಲಮ್ಮಾ. ನೋಡದೆ ಹೇಗೆ ಬರೀಲಿ?"

"ನಾನು ತೋರಿಸ್ತೀನಿ" ಎಂದು ಹಗ್ಗದಂಗಡಿಯಾಕೆ ಸ್ಟೂಲಿನ ಮೇಲೆ ಕೂತಳು. ಒಂದು ಭುಜ ಮೇಲೆತ್ತಿದಳು, ಕೆಳತುಟಿ ಒಂದು ಕಡೆಗೆ ಎಳೆದಳು, ಮೂಗಿನಲ್ಲಿ ಹಂದಿ ಗುರುಗುಟ್ಟಿದ ಹಾಗೆ ಸದ್ದು ಮಾಡಿ ನಕ್ಕಳು. ವಯಸ್ಸಾದ ಹೆಂಗಸಿನ ಮುಖದಲ್ಲಿ ಒಬ್ಬ ತರಲೆ ಹುಡುಗ ಬಂದು ಹೋದ. ಸದ್ದಿಗೆ ಅಮ್ಮ ಒದ್ದೆ ಕೈಯಲ್ಲೇ ಒಳಗಿಂದ ಬಂದಳು. ಏನೆಂದು ಯಾರೂ ಹೇಳಬೇಕಾಗಲಿಲ್ಲ. ಸ್ವಲ್ಪ ಹೊತ್ತು ನಿಂತು ನೋಡಿದಳು.

"ನಮ್ಮವನು ಹಾಗಲ್ಲ" ಎಂದಳು ಅಮ್ಮ. "ನಮ್ಮವನು ಹೀಗೆ."

ತಲೆ ಹಿಂದಕ್ಕೆ ಹಾಕಿದಳು, ಕಣ್ಣು ಗಟ್ಟಿಯಾಗಿ ಮುಚ್ಚಿದಳು. ಮೊದಲು ಸದ್ದಿಲ್ಲ, ಆಮೇಲೆ ಬಿಕ್ಕಳಿಕೆಯ ಹಾಗೆ ಎರಡು ಸದ್ದು, ಆಮೇಲೆ ತೊಡೆ ತಟ್ಟಿಕೊಂಡು ಒಂದೇ ಸಮನೆ. ಅದು ಅವನೇ, ಒಂದು ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಹಗ್ಗದಂಗಡಿಯಾಕೆ ಕೈ ತಟ್ಟಿ, "ಇನ್ನೊಂದು ಸಲ ಮಾಡಿ" ಎಂದಳು. ಅಮ್ಮ ಇನ್ನೊಂದು ಸಲ ಮಾಡಿದಳು. ಅವಳೂ ತನ್ನ ಮಗನದನ್ನು ಇನ್ನೊಂದು ಸಲ ಮಾಡಿದಳು. ಮತ್ತೊಂದು ಸಲ ಅಮ್ಮ ತಲೆ ಹಿಂದಕ್ಕೆ ಹಾಕಿ, ಕಣ್ಣು ಮುಚ್ಚಿ, ಬಾಯಿ ತೆರೆದಳು. ಸದ್ದು ಬರಲಿಲ್ಲ. ಬಾಯಿ ತೆರೆದ ಹಾಗೇ ಕಾಯುತ್ತಾ ನಿಂತಳು.

"ಬರ್ತಿಲ್ಲ" ಎಂದಳು ಮೆಲ್ಲಗೆ.

"ಬರುತ್ತೆ, ನಿಧಾನ" ಎಂದು ಹಗ್ಗದಂಗಡಿಯಾಕೆ ಅವಳ ಒದ್ದೆ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಆಗ ಅಮ್ಮ ಅತ್ತಳು. ಅಕ್ಕ ಬ್ರಷ್ಷನ್ನು ನೀರಿನ ಲೋಟಕ್ಕೆ ಹಾಕಿ, ಒಳಗಿಂದ ಇನ್ನೊಂದು ಸ್ಟೂಲು ತಂದು ಅಮ್ಮನನ್ನು ಕೂರಿಸಿದಳು.